ಮಳೆಯಾಶ್ರಿತ ಹೊಲದಲ್ಲಿ ಬೇಳೆಕಾಳು ಮತ್ತು ಎಣ್ಣೆಕಾಳುಗಳ ಸರದಿಯನ್ನು ಹೊಂದಿಸುವ ಬಗೆ

ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳ ಕೆಮ್ಮಣ್ಣಿನ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುವವರು ಈ ಸಲ ಬೆಳೆ ಬದಲಾಯಿಸಿದ್ದೇವೆ ಎಂದರೆ, ಯಾವ ಬೆಳೆಯಿಂದ ಯಾವ ಬೆಳೆಗೆ ಬದಲಾಯಿಸಿದಿರಿ ಎಂದು ಕೇಳಬೇಕಾಗುತ್ತದೆ. ಕಡಲೆಕಾಯಿ ಕಿತ್ತ ಹೊಲಕ್ಕೆ ಮರುವರ್ಷ ಅಲಸಂದೆಯನ್ನೋ ಹೆಸರನ್ನೋ ಬಿತ್ತಿದವರು ಎಣ್ಣೆಕಾಳಿನಿಂದ ಬೇಳೆಕಾಳಿಗೆ ಬಂದೆವೆಂದು ನೆಮ್ಮದಿಯಿಂದಿರುತ್ತಾರೆ. ಮಂಡಿಯ ಲೆಕ್ಕದಲ್ಲಿ ಅದು ಸರಿ, ಏಕೆಂದರೆ ಕಡಲೆಕಾಯಿ ಗಾಣಕ್ಕೆ ಹೋಗುತ್ತದೆ, ಅಲಸಂದೆ ಸಾರಿಗೆ ಹೋಗುತ್ತದೆ. ಆದರೆ ಎರಡೂ ದ್ವಿದಳ ಜಾತಿಯ, ಅಂದರೆ ಬೇಳೆಕಾಳಿನ ಕುಟುಂಬದ ಗಿಡಗಳು. ಎರಡರ ಬೇರಿನಲ್ಲೂ ಅದೇ ಬಗೆಯ ಗಂಟುಗಳು ಕಟ್ಟುತ್ತವೆ, ಎರಡಕ್ಕೂ ಕೆಲವು ರೋಗಗಳು ಸಮಾನವಾಗಿ ಬರುತ್ತವೆ. ಹಾಗಾಗಿ ಮಣ್ಣಿನ ಲೆಕ್ಕದಲ್ಲಿ ಅಲ್ಲಿ ಬೆಳೆ ಬದಲಾಗಿರುವುದು ಅರ್ಧ ಮಾತ್ರ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಮೂರು ಎಕರೆ ಹೊಲದಲ್ಲಿ ಐದು ವರ್ಷ ಬಿಡದೆ ಕಡಲೆಕಾಯಿ ಹಾಕಿದ ಮೇಲೆ, ಹೂವಿನಿಂದ ಹೊರಟು ಮುಂದೆ ಕಾಯಾಗುವ ಸೂಜಿ ಮಣ್ಣಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಅಲ್ಲಲ್ಲಿ ಗಿಡಗಳು ಬಾಡಿ ನಿಲ್ಲತೊಡಗಿದವು. ಒಂದು ಗಿಡವನ್ನು ಕಿತ್ತು ನೋಡಿದರೆ ಬುಡದ ಸುತ್ತ ಬಿಳಿಯ ನೂಲಿನಂಥ ಬೂಷ್ಟು ಹಬ್ಬಿತ್ತು; ಅದರ ನಡುವೆ ಸಾಸಿವೆ ಕಾಳಿನ ಗಾತ್ರದ, ಅದೇ ಬಣ್ಣದ ಗುಂಡುಗಳು ಅಂಟಿಕೊಂಡಿದ್ದವು. ಬುಡಕೊಳೆ ರೋಗದ ಶಿಲೀಂಧ್ರವು ಬರಗಾಲಕ್ಕೆಂದು ಕಟ್ಟಿಟ್ಟುಕೊಳ್ಳುವ ಬುತ್ತಿಯೇ ಆ ಗುಂಡುಗಳು. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಉಳಿಯುತ್ತವೆ. ಮರುವರ್ಷ ಆ ಹೊಲಕ್ಕೆ ಅಲಸಂದೆ ಬಿತ್ತಿ, ಅದರ ಮರುವರ್ಷ ಮತ್ತೆ ಕಡಲೆಕಾಯಿಗೆ ಬಂದಾಗ ರೋಗ ಹಿಂದಿನ ಜಾಗದಲ್ಲೇ, ಹಿಂದಿಗಿಂತ ಅಗಲವಾಗಿ ಕಾಣಿಸಿಕೊಂಡಿತು. ಅದನ್ನು ನೋಡಿದ ಪಕ್ಕದ ಹೊಲದ ಅಜ್ಜ, "ಕಳ್ಳೆಕಾಯಿ ಎಣ್ಣೆ ಕೊಟ್ರೂ ಹುಟ್ಟಿದ್ದು ಕಾಳಿನ ಮನೇಲಿ ಕಣಪ್ಪಾ, ಅಣ್ಣ ಎದ್ದ ಜಾಗಕ್ಕೆ ತಮ್ಮನ್ನ ಕೂರಿಸಿದೀಯ" ಎಂದರು. ಮುಂದೆ ಹೇಳುವ ಕ್ರಮವೆಲ್ಲ ಆ ಮಾತಿನಿಂದ ಹೊರಟಿದ್ದು.

ಬೆಳೆಗಳನ್ನು ಬಳಗಗಳಾಗಿ ವಿಂಗಡಿಸುವುದು

ಸರದಿಯನ್ನು ಬರೆಯುವ ಮೊದಲು ನಮ್ಮ ಸೀಮೆಯ ಬೆಳೆಗಳನ್ನು ಮೂರು ಬಳಗಗಳಾಗಿ ಬೇರ್ಪಡಿಸಿಕೊಳ್ಳಬೇಕು. ಕಡಲೆಕಾಯಿ, ತೊಗರಿ, ಅವರೆ, ಅಲಸಂದೆ, ಹೆಸರು, ಹುರುಳಿ ಇವು ದ್ವಿದಳ ಬಳಗ. ಹುಚ್ಚೆಳ್ಳು, ಎಳ್ಳು, ಹರಳು, ಸಾಸಿವೆ, ಸೂರ್ಯಕಾಂತಿ ಇವು ದ್ವಿದಳವಲ್ಲದ ಎಣ್ಣೆಕಾಳುಗಳು. ಇವುಗಳಲ್ಲಿ ಹುಚ್ಚೆಳ್ಳು ಮತ್ತು ಸೂರ್ಯಕಾಂತಿ ಒಂದೇ ಕುಟುಂಬಕ್ಕೆ ಸೇರಿರುವುದರಿಂದ ಒಂದರ ಹಿಂದೆ ಇನ್ನೊಂದು ಬಾರದಿದ್ದರೆ ಒಳ್ಳೆಯದು. ಉಳಿದವು ಪರಸ್ಪರ ದೂರದವು. ಮೂರನೆಯದು ರಾಗಿ, ನವಣೆ, ಸಜ್ಜೆ, ಜೋಳಗಳ ಹುಲ್ಲಿನ ಬಳಗ. ಬೇಳೆಕಾಳು ಮತ್ತು ಎಣ್ಣೆಕಾಳುಗಳ ವಿಚಾರದಲ್ಲಿ ರಾಗಿಗೇನು ಕೆಲಸ ಎನ್ನಿಸಬಹುದು. ಕಡಲೆಕಾಯಿಯ ಬುಡಕೊಳೆ, ತೊಗರಿಯ ಸೊರಗು ಮುಂತಾದ ಮಣ್ಣಿನ ರೋಗಗಳ ಬಲ ಕುಗ್ಗಬೇಕಾದರೆ ಆ ರೋಗಕ್ಕೆ ಅಷ್ಟಾಗಿ ಒಗ್ಗದ ಬೆಳೆಯೊಂದು ನಡುವೆ ನಿಲ್ಲಬೇಕು, ಆ ಕೆಲಸವನ್ನು ಹುಲ್ಲಿನ ಬಳಗದಷ್ಟು ಚೆನ್ನಾಗಿ ಮಾಡುವ ಬೆಳೆ ನಮ್ಮಲ್ಲಿ ಬೇರೆ ಇಲ್ಲ.

ಎರಡನೆಯದಾಗಿ ಬೇರಿನ ಆಳವನ್ನು ಗಮನಿಸಬೇಕು. ತೊಗರಿ ಮತ್ತು ಹರಳಿನ ತಾಯಿಬೇರು ಆಳಕ್ಕಿಳಿದು, ಹಿಂಗಾರಿನ ಮಳೆ ನಿಂತ ಮೇಲೂ ಕೆಳಗಿನ ತೇವವನ್ನು ಹೀರಿ ಬದುಕುತ್ತದೆ. ರಾಗಿ, ಹುಚ್ಚೆಳ್ಳು, ಅಲಸಂದೆಗಳು ಮೇಲಿನ ಪದರವನ್ನೇ ನೆಚ್ಚಿಕೊಂಡಿರುತ್ತವೆ. ಆಳದ ಬೇರಿನ ಬೆಳೆಯನ್ನು ಪ್ರತಿವರ್ಷ ಒಂದೇ ತುಂಡಿಗೆ ಹಾಕಿದರೆ ಕೆಳಮಣ್ಣಿನ ತೇವ ಮತ್ತೆ ಕೂಡಿಕೊಳ್ಳಲು ಅವಕಾಶವಿಲ್ಲದೆ ಹೋಗುತ್ತದೆ. ವರ್ಷಕ್ಕೆ 500ರಿಂದ 600 ಮಿ.ಮೀ. ಮಳೆ ಕಾಣುವ ಪಾವಗಡದಂಥ ಕಡೆ ಇದು ಬಹಳ ಮುಖ್ಯವಾದ ಸಂಗತಿ. ನಿಮ್ಮ ಹೊಲದಲ್ಲಿ ಮಣ್ಣು ಎಷ್ಟು ಆಳವಿದೆ ಎಂಬುದನ್ನು ಅಂದಾಜಿನಿಂದ ಹೇಳಬೇಡಿ. ಬೇಸಿಗೆಯಲ್ಲಿ ಎರಡು ಮೂರು ಕಡೆ ಸೊಂಟದ ಆಳಕ್ಕೆ ಗುಂಡಿ ತೋಡಿ ನೋಡಿ. ಒಂದೂವರೆ ಅಡಿಯಲ್ಲೇ ಗರಸು ಸಿಕ್ಕಿದ ಜಾಗದಲ್ಲಿ ತೊಗರಿಯಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಅಂಥಲ್ಲಿ ಹುರುಳಿ, ಹುಚ್ಚೆಳ್ಳು, ನವಣೆಗಳ ಸರದಿಯೇ ಸರಿಹೋಗುತ್ತದೆ.

ಬೇರಿನ ಗಂಟಿನ ಬಗ್ಗೆ ಒಂದು ತಿದ್ದುಪಡಿ

ದ್ವಿದಳ ಬೆಳೆದರೆ ಮಣ್ಣಿಗೆ ಸಾರಜನಕ ತಾನಾಗಿಯೇ ಸೇರುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಮಾತು ನಿಜವೇ ಆದರೂ ಎಷ್ಟು ಸೇರುತ್ತದೆ ಎಂಬುದು ಗಿಡವನ್ನು ನಾವು ಹೇಗೆ ತೆಗೆಯುತ್ತೇವೆ ಎಂಬುದರ ಮೇಲೆ ನಿಂತಿದೆ. ಕಡಲೆಕಾಯಿಯನ್ನು ಬೇರುಸಮೇತ ಕೀಳುತ್ತೇವೆ, ಬಳ್ಳಿಯನ್ನು ದನಗಳಿಗೆ ಹಾಕುತ್ತೇವೆ. ಹೀಗಾಗಿ ಗಿಡ ಹಿಡಿದ ಸಾರಜನಕದ ದೊಡ್ಡ ಪಾಲು ಹೊಲ ಬಿಟ್ಟು ಹೋಗುತ್ತದೆ. ಆ ಮೇವು ಸಗಣಿಯಾಗಿ, ತಿಪ್ಪೆಯ ಗೊಬ್ಬರವಾಗಿ ಅದೇ ತುಂಡಿಗೆ ಮರಳಿದರೆ ಮಾತ್ರ ಲೆಕ್ಕ ಸರಿಯಾಗುತ್ತದೆ. ಅಲಸಂದೆ ಅಥವಾ ಹೆಸರಿನ ಕಾಯಿ ಬಿಡಿಸಿಕೊಂಡು ಹಸಿಗಿಡವನ್ನು ಅಲ್ಲೇ ಉತ್ತರೆ ಮಣ್ಣಿಗೆ ದೊರೆಯುವ ಲಾಭ ಬಹಳ ಹೆಚ್ಚು. ತೊಗರಿಯಾದರೆ ತಿಂಗಳುಗಟ್ಟಲೆ ಎಲೆ ಉದುರಿಸುತ್ತದೆ. ಅದನ್ನು ಬೇರು ಬಿಟ್ಟು ಕುಡುಗೋಲಿನಿಂದ ಕೊಯ್ಯುವುದರಿಂದ ಬೇರೂ ಎಲೆಯೂ ಹೊಲದಲ್ಲೇ ಉಳಿಯುತ್ತವೆ.

ಗಂಟುಗಳು ಕೆಲಸ ಮಾಡುತ್ತಿವೆಯೇ ಎಂದು ಪ್ರತಿವರ್ಷ ಪರೀಕ್ಷಿಸಿ. ಬಿತ್ತಿ 40 ದಿನಗಳಾದಾಗ, ಮಣ್ಣು ಹಸಿಯಿರುವ ದಿನ, ಹೊಲದ ನಾಲ್ಕೈದು ಕಡೆ ಒಂದೊಂದು ಗಿಡವನ್ನು ಗುದ್ದಲಿಯಿಂದ ಮಣ್ಣಿನ ಹೆಂಟೆಯ ಸಮೇತ ಎತ್ತಬೇಕು. ಕೈಯಿಂದ ಜಗ್ಗಿದರೆ ಗಂಟುಗಳು ಕಳಚಿ ಮಣ್ಣಿನಲ್ಲೇ ಉಳಿಯುತ್ತವೆ. ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಾಡಿಸಿ ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಕಂಡರೆ ಅದು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತಿದೆ. ಬಿಳುಪಾಗಿದ್ದರೆ ಇನ್ನೂ ಎಳೆಯದು ಅಥವಾ ನಿಷ್ಪ್ರಯೋಜಕ, ಹಸಿರು ಅಥವಾ ಕಂದಾಗಿದ್ದರೆ ಅದರ ಕೆಲಸ ಮುಗಿದಿದೆ. ಐದು ಗಿಡಗಳಲ್ಲಿ ಮೂರರಲ್ಲಿ ಕೆಂಪು ಕಾಣದಿದ್ದರೆ ಮುಂದಿನ ದ್ವಿದಳದ ಬೀಜಕ್ಕೆ ಗಂಟು ಕಟ್ಟಿಸುವ ಸೂಕ್ಷ್ಮಾಣುವಾದ ರೈಜೋಬಿಯಂನ ಪುಡಿ ಲೇಪಿಸುವುದನ್ನು ಮರೆಯಬಾರದು. ಆರಿದ ಬೆಲ್ಲದ ಪಾಕದಲ್ಲಿ ಪುಡಿಯನ್ನು ಕಲಸಿ, ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು; ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದನ್ನು ಮೊದಲು ಹಚ್ಚಿ ಒಣಗಿಸಿ, ರೈಜೋಬಿಯಂ ಅನ್ನು ಕೊನೆಗೆ ಲೇಪಿಸಬೇಕು. ದ್ವಿದಳಕ್ಕೆ ಯೂರಿಯಾ ಹೆಚ್ಚಾದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ಮೂರು ತುಂಡು, ಮೂರು ವರ್ಷ

ಹೊಲವನ್ನು ಮೂರು ತುಂಡು ಮಾಡಿಕೊಳ್ಳಿ. ಸಮಪಾಲು ಆಗಬೇಕೆಂದಿಲ್ಲ, ಈಗಿರುವ ಬದುಗಳನ್ನೇ ಗಡಿಯಾಗಿಟ್ಟುಕೊಂಡರೆ ಸಾಕು. ಪ್ರತಿ ತುಂಡೂ ಬೇರೆ ಬೇರೆ ವರ್ಷದಿಂದ ಸರದಿಯನ್ನು ಆರಂಭಿಸುವುದರಿಂದ ಯಾವುದೇ ವರ್ಷ ಮನೆಯಲ್ಲಿ ಕಡಲೆಕಾಯಿ, ರಾಗಿ, ಕಾಳು ಎಲ್ಲವೂ ಒಂದಿಷ್ಟು ಇದ್ದೇ ಇರುತ್ತವೆ.

ಮೊದಲನೆಯ ವರ್ಷ ಕಡಲೆಕಾಯಿ ಮತ್ತು ತೊಗರಿ. ಎಂಟು ಸಾಲು ಕಡಲೆಕಾಯಿಗೆ ಎರಡು ಸಾಲು ತೊಗರಿ ಎಂಬ ಪ್ರಮಾಣ ನಮ್ಮ ಕೆಮ್ಮಣ್ಣಿಗೆ ಹೊಂದುತ್ತದೆ. ಜೂನ್ ಕೊನೆಯ ಆರಿದ್ರ ಮಳೆಯಿಂದ ಜುಲೈ ಕೊನೆಯ ಪುಷ್ಯ ಮಳೆಯವರೆಗೆ ಹದ ಸಿಕ್ಕಿದಾಗ ಕೂರಿಗೆಯಲ್ಲಿ ಬಿತ್ತಬಹುದು. ಕಡಲೆಕಾಯಿ ಅಕ್ಟೋಬರ್ ಸುಮಾರಿಗೆ ಹೊಲ ಬಿಡುತ್ತದೆ, ತೊಗರಿ ಆ ಖಾಲಿ ಜಾಗಕ್ಕೆ ಕೊಂಬೆ ಚಾಚಿಕೊಂಡು ಡಿಸೆಂಬರ್, ಜನವರಿಯವರೆಗೆ ನಿಲ್ಲುತ್ತದೆ. ಬಿತ್ತಿದ 30ರಿಂದ 35 ದಿನಗಳೊಳಗೆ ಎಕರೆಗೆ 200 ಕಿಲೋ ಜಿಪ್ಸಂ ಕೊಟ್ಟು, ಕೊನೆಯ ಎಡೆಕುಂಟೆ ಹೊಡೆದು ಬುಡಕ್ಕೆ ಮಣ್ಣೇರಿಸಬೇಕು. ಸೂಜಿ ಮಣ್ಣಿಗಿಳಿಯತೊಡಗಿದ ಮೇಲೆ ಕುಂಟೆ ಹೊಡೆದವರು ತಮ್ಮ ಕಾಯಿಯನ್ನು ತಾವೇ ಕಿತ್ತುಕೊಂಡಂತೆ. ಕಳೆ ಎಷ್ಟೇ ಇದ್ದರೂ ಆಗ ಕೈಯಿಂದಲೇ ತೆಗೆಯಬೇಕು.

ಎರಡನೆಯ ವರ್ಷ ರಾಗಿ, ಜೊತೆಗೆ ಅಕ್ಕಡಿ, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಯ ಸಾಲು. ಅಕ್ಕಡಿಯನ್ನು ಇತ್ತೀಚೆಗೆ ಬಹಳ ಮಂದಿ ಬಿಟ್ಟಿದ್ದಾರೆ, ರಾಗಿಯನ್ನು ಯಂತ್ರದಿಂದ ಕೊಯ್ಯಲು ಅಡ್ಡವಾಗುತ್ತದೆ ಎಂಬುದು ಅವರ ಕಾರಣ. ಆ ಕಾರಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾಗಿ ಕೈಕೊಟ್ಟ ವರ್ಷ ಮನೆಯನ್ನು ನಡೆಸಿದ್ದು ಅಕ್ಕಡಿಯ ಅವರೆ ಮತ್ತು ಹುಚ್ಚೆಳ್ಳು ಎಂಬುದನ್ನು ಕಂಡವರು ಅದನ್ನು ಸುಲಭವಾಗಿ ಬಿಡಲಾರರು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಸಾಕು. ಇದಕ್ಕೆ ಊರಿನ ಸೊಗಡವರೆಯ ಬೀಜವೇ ಆಗಬೇಕು. ಹಗಲು ಕಿರಿದಾದ ಮೇಲೆ ಹೂ ಬಿಡುವ ಸ್ವಭಾವ ಅದಕ್ಕಿರುವುದರಿಂದ, ರಾಗಿ ಕೊಯ್ಲಾದ ಮೇಲೆ ಚಳಿಗಾಲದ ಇಬ್ಬನಿಯಲ್ಲಿ ಅದು ನಿಧಾನವಾಗಿ ಕಾಯಿ ತುಂಬಿಕೊಂಡು ಸಂಕ್ರಾಂತಿಯ ಹೊತ್ತಿಗೆ ಸಂತೆಗೆ ಬರುತ್ತದೆ. ಹಗಲಿನ ಉದ್ದವನ್ನು ಲೆಕ್ಕಿಸದ ಹೆಬ್ಬಾಳ ಅವರೆಯಂಥ ತಳಿಗಳು ಬೇರೆ ಕಾಲದ ಬೆಳೆಗೆ ಒಳ್ಳೆಯವೇ ಹೊರತು ಅಕ್ಕಡಿಗಲ್ಲ. ಹಿಂದಿನ ವರ್ಷ ಕಡಲೆಕಾಯಿಯಲ್ಲಿ ಬುಡಕೊಳೆ ಕಂಡಿದ್ದ ತುಂಡಾದರೆ ಅವರೆಯ ಸಾಲಿಗೂ ಹುಚ್ಚೆಳ್ಳನ್ನೇ ಬಿತ್ತಿ, ಆ ವರ್ಷ ಅಲ್ಲಿ ದ್ವಿದಳದ ಸುಳಿವೇ ಇಲ್ಲದಂತೆ ಮಾಡಬೇಕು.

ಮೂರನೆಯ ವರ್ಷ ಎರಡು ಕಿರುಬೆಳೆಗಳು. ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗಳಲ್ಲಿ ಅಲಸಂದೆಯನ್ನೋ ಹೆಸರನ್ನೋ ಬಿತ್ತಿ, ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದೊಳಗೆ ಕಾಯಿ ಬಿಡಿಸಿ, ಗಿಡವನ್ನು ಅಲ್ಲೇ ಉತ್ತು, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ಮಖೆ ಅಥವಾ ಹುಬ್ಬೆ ಮಳೆಗೆ ಹುಚ್ಚೆಳ್ಳು ಚೆಲ್ಲುವುದು. ಕೋಲಾರ, ಚಿಂತಾಮಣಿ ಕಡೆಯವರಿಗೆ ಮೇ ತಿಂಗಳ ಮಳೆಯ ಭರವಸೆ ಸ್ವಲ್ಪ ಹೆಚ್ಚು, ಆದ್ದರಿಂದ ಅವರು ಮೊದಲ ಬೆಳೆಯಾಗಿ ಎಳ್ಳನ್ನೂ ಹಾಕುವುದುಂಟು. ಹಾಗೆ ಹಾಕಿದರೆ ಎರಡನೆಯ ಬೆಳೆಯನ್ನು ಹುರುಳಿ ಮಾಡಿಕೊಳ್ಳಬೇಕು ಎನ್ನಿಸುವುದು ಸಹಜ, ಆದರೆ ಮುಂದಿನ ಜೂನ್‌ನಲ್ಲಿ ಅದೇ ತುಂಡಿಗೆ ಕಡಲೆಕಾಯಿ ಬರುವುದಿದೆ. ಹುರುಳಿಯೂ ದ್ವಿದಳವೇ. ಕಡಲೆಕಾಯಿಗೆ ಮೊದಲು ಹೊಲದಿಂದ ಎದ್ದುಹೋಗುವ ಬೆಳೆ ದ್ವಿದಳವಾಗಿರಬಾರದು ಎಂಬ ಒಂದು ನಿಯಮವನ್ನು ಉಳಿದೆಲ್ಲ ನಿಯಮಗಳಿಗಿಂತ ಬಿಗಿಯಾಗಿ ಹಿಡಿದುಕೊಳ್ಳಿ. ಮೇಲೆ ಹೇಳಿದ ನನ್ನ ನಷ್ಟ ಈ ನಿಯಮವನ್ನು ತಪ್ಪಿದ್ದರಿಂದಲೇ ಆದದ್ದು.

ಹುಚ್ಚೆಳ್ಳಿನ ಬಗ್ಗೆ ಇನ್ನೆರಡು ಮಾತು ಹೇಳಬೇಕು, ಏಕೆಂದರೆ ಈ ಸರದಿಯಲ್ಲಿ ಎಲ್ಲರೂ ಕೈಬಿಡಲು ನೋಡುವ ಬೆಳೆ ಅದೇ. ಎಕರೆಗೆ ಎರಡು ಕಿಲೋ ಬೀಜ ಸಾಕು, ಖರ್ಚು ಕಡಿಮೆ, ದನಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ಇಳುವರಿ ಕಡಿಮೆ ಎಂಬುದು ನಿಜ. ಆದರೆ ಇದು ತನ್ನ ಪರಾಗದಿಂದ ತಾನೇ ಸರಿಯಾಗಿ ಕಾಳು ಕಟ್ಟಲಾರದ, ಜೇನ್ನೊಣವನ್ನು ನೆಚ್ಚಿಕೊಂಡ ಗಿಡ. ಹೊಲ ಹಳದಿಯಾಗಿ ನಿಂತಿರುವಾಗ ಬೆಳಗಿನ ಹೊತ್ತು ಪಕ್ಕದ ತೊಗರಿಗೆ ಔಷಧಿ ಹೊಡೆದರೆ ಹುಚ್ಚೆಳ್ಳಿನಲ್ಲಿ ಹೊಟ್ಟೇ ಹೆಚ್ಚು ಸಿಗುತ್ತದೆ. ಹೊಡೆಯಲೇಬೇಕಾದರೆ ಸಂಜೆ ನೊಣಗಳು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ.

ಮಳೆ ಕಾಗದದ ಮೇಲಿನ ಸರದಿಯನ್ನು ಕೆಡಿಸಿದಾಗ

ಹತ್ತು ವರ್ಷಗಳಲ್ಲಿ ನಾಲ್ಕೈದು ವರ್ಷವಾದರೂ ಮಳೆ ನಮ್ಮ ಲೆಕ್ಕಕ್ಕೆ ಬಾರದಿರುವ ಸೀಮೆ ಇದು. ಅಂಥ ವರ್ಷ ಬೆಳೆಯನ್ನು ಬದಲಾಯಿಸಬಹುದು, ಬಳಗವನ್ನು ಬದಲಾಯಿಸಬಾರದು. ಕಡಲೆಕಾಯಿಯ ತುಂಡಿಗೆ ಜುಲೈ ಮುಗಿದರೂ ಹದ ಸಿಗದಿದ್ದರೆ ಹಟ ಮಾಡದೆ ಕಡಲೆಕಾಯಿಯನ್ನು ಕೈಬಿಡಿ. ಆಗಸ್ಟ್‌ನಲ್ಲಿ ಮಳೆಯಾದರೆ ಅಲಸಂದೆ, ಸೆಪ್ಟೆಂಬರ್ ನಡುವಿನ ಮೇಲಿನ ಉತ್ತರೆ, ಹಸ್ತಗಳಲ್ಲಿ ಮಾತ್ರ ಮಳೆಯಾದರೆ ಹುರುಳಿ ಆ ಜಾಗವನ್ನು ತುಂಬಲಿ. ಎಲ್ಲವೂ ದ್ವಿದಳವಾದ್ದರಿಂದ ಮುಂದಿನ ವರ್ಷದ ರಾಗಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ರಾಗಿಯ ತುಂಡಿನಲ್ಲಿ ತಡವಾದರೆ ಅಲ್ಪಾವಧಿಯ ರಾಗಿ, ಅದೂ ಆಗದಿದ್ದರೆ ನವಣೆ. ಮೂರನೆಯ ತುಂಡಿಗೆ ಮೇ ತಿಂಗಳ ಮಳೆ ಬಾರದಿದ್ದರೆ ಅಲಸಂದೆಯ ಆಸೆ ಬಿಟ್ಟು, ಸಿಕ್ಕಿದ ಮಳೆಗೆ ಉತ್ತು, ನೇರವಾಗಿ ಹುಚ್ಚೆಳ್ಳಿಗೆ ಕಾಯುವುದು. ಯಾವ ತುಂಡನ್ನೂ ಹಿಂಗಾರಿನಲ್ಲಿ ಬರಿದಾಗಿ ಬಿಡಬೇಡಿ. ಹಸ್ತ, ಚಿತ್ತೆಯ ಜೋರು ಮಳೆ ಬರಿಹೊಲದ ಮೇಲ್ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಹುರುಳಿಯ ಹಬ್ಬಿದ ಬಳ್ಳಿ ಇದ್ದರೂ ಸಾಕು, ಮಣ್ಣು ನಿಲ್ಲುತ್ತದೆ. ಹುರುಳಿ ಬಂದದ್ದು ಕಡಲೆಕಾಯಿಗೆ ಮುಂಚಿನ ತುಂಡಿನಲ್ಲಾದರೆ, ಸರದಿಯನ್ನು ಒಂದು ಹೆಜ್ಜೆ ಮುಂದೆ ತಳ್ಳಿ ಆ ತುಂಡಿಗೆ ಮೊದಲು ರಾಗಿಯನ್ನು ತನ್ನಿ.

ಇದನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಲಾಗದು. ಒಂದು ನೋಟ್‌ಬುಕ್ಕಿನಲ್ಲಿ ತುಂಡಿಗೊಂದು ಪುಟ ಬಿಟ್ಟು, ಬಿತ್ತಿದ ಮಳೆ, ಬೆಳೆ, ತಳಿ, ಕಂಡ ರೋಗ, ರೋಗ ಕಂಡ ಮೂಲೆ, ಬಂದ ಮೂಟೆ ಇಷ್ಟನ್ನು ಬರೆದಿಡಿ. ರೋಗದ ಜಾಗವನ್ನು ಗುರುತಿಸಲು ಆ ವರ್ಷವೇ ಬದುವಿನ ಮೇಲೆ ಒಂದು ಕಲ್ಲು ನೆಟ್ಟರೆ ಇನ್ನೂ ಒಳ್ಳೆಯದು.

ಸರದಿಯಿಂದ ಆಗದ ಕೆಲಸಗಳು

ಬೆಳೆ ಬದಲಾಯಿಸಿದರೆ ಎಲ್ಲ ಪೀಡೆಗಳೂ ಹೋಗುತ್ತವೆ ಎಂದು ಹೇಳುವುದು ರೈತರಿಗೆ ಮೋಸ ಮಾಡಿದಂತೆ. ಮುಂಗಾರಿನ ಮೊದಲ ಹದಮಳೆಯ ಬೆನ್ನಲ್ಲೇ ಮಣ್ಣಿನಿಂದ ಚಿಟ್ಟೆಗಳು ಎದ್ದು, ಮೊಟ್ಟೆಯಿಟ್ಟು, ಹೊಲದಿಂದ ಹೊಲಕ್ಕೆ ಹಿಂಡಾಗಿ ಹರಿಯುವ ಕೆಂಪು ಕಂಬಳಿ ಹುಳುವಿಗೆ ಕಡಲೆಕಾಯಿ, ಅಲಸಂದೆ, ಹರಳು, ಅವರೆ ಎಂಬ ಭೇದವಿಲ್ಲ. ಅದಕ್ಕೆ ಮಾಗಿ ಉಳುಮೆಯಿಂದ ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು, ಮಳೆಯಾದ ರಾತ್ರಿಗಳಲ್ಲಿ ಊರವರೆಲ್ಲ ಸೇರಿ ಬೆಂಕಿ ಹಾಕಿ ಚಿಟ್ಟೆಗಳನ್ನು ಸೆಳೆಯುವುದು, ಹೊಲದ ಸುತ್ತ ಕಾಲುವೆ ತೋಡುವುದು ಇವೇ ದಾರಿ. ಒಬ್ಬರು ಮಾಡಿ ಪಕ್ಕದವರು ಸುಮ್ಮನಿದ್ದರೆ ಪ್ರಯೋಜನವಿಲ್ಲ.

ತೊಗರಿಯ ಎರಡು ರೋಗಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಸೊರಗು ರೋಗ ಮಣ್ಣಿನಲ್ಲೂ ಹಳೆಯ ಕೂಳೆಯಲ್ಲೂ ಉಳಿಯುವಂಥದ್ದು. ಗಿಡ ಒಣಗಿದಾಗ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಹಾಗೆ ಕಂಡ ತುಂಡಿಗೆ ಒಂದು ಸುತ್ತು ಪೂರ್ತಿ ತೊಗರಿಯನ್ನು ಬಿಟ್ಟು, ಕಡಲೆಕಾಯಿಯ ನಡುವಿನ ಸಾಲುಗಳಿಗೆ ಹರಳನ್ನು ಹಾಕಿ. ತೊಗರಿಯ ಸೊರಗು ಹರಳಿಗೆ ತಗುಲುವುದಿಲ್ಲ. ಬೇರನ್ನು ಹೊಲದಲ್ಲೇ ಬಿಡಿ ಎಂದು ಮೇಲೆ ಹೇಳಿದ್ದು ಆರೋಗ್ಯವಂತ ಗಿಡಕ್ಕೆ ಮಾತ್ರ. ಸೊರಗಿದ ಗಿಡವನ್ನು ಬೇರುಸಮೇತ ಕಿತ್ತು ಸುಡಬೇಕು. ಗೊಡ್ಡು ರೋಗವಾದರೋ ಗಾಳಿಯಲ್ಲಿ ತೇಲಿಬರುವ ಅತಿ ಸಣ್ಣ ನುಸಿಯಿಂದ ಹರಡುವುದರಿಂದ, ನಿಮ್ಮ ಹೊಲದ ಸರದಿ ಅದನ್ನು ತಡೆಯದು. ಗಿಡ ಹಚ್ಚಗೆ, ಪೊದೆಯಾಗಿ, ಹೂವಿಲ್ಲದೆ ನಿಂತಿದ್ದರೆ ಅದೇ ಈ ರೋಗ. ಇದಕ್ಕೆ ಮನೆಯ ಹಿತ್ತಲಲ್ಲೂ ಬದುವಿನಲ್ಲೂ ವರ್ಷವಿಡೀ ಚಿಗುರಿಕೊಂಡು ನಿಂತಿರುವ ಹಳೆಯ ತೊಗರಿ ಗಿಡಗಳನ್ನು ಕಿತ್ತುಹಾಕುವುದು ಮತ್ತು ಬಿಆರ್‌ಜಿ ಸಾಲಿನ ತಳಿಗಳಲ್ಲಿ ರೋಗವನ್ನು ತಡೆಯುವಂಥದ್ದನ್ನು ಕೇಳಿ ತರುವುದು ಉತ್ತಮ. ತುಮಕೂರು ಜಿಲ್ಲೆಯವರಿಗೆ ಕೊನೇಹಳ್ಳಿ ಮತ್ತು ಹಿರೇಹಳ್ಳಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಬಳಿಯ ಕುರುಬೂರು, ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರಗಳಿವೆ. ಒಣಗಿದ ಗಿಡವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿದರೆ ಯಾವ ರೋಗವೆಂದು ಹೇಳುತ್ತಾರೆ.

ಬೀಜವನ್ನು ಮನೆಯಲ್ಲೇ ಇಡುವುದು

ಸರದಿ ನಿಲ್ಲುವುದು ಹೆಚ್ಚಾಗಿ ಮಳೆಯಿಂದಲ್ಲ, ಬೀಜ ಸಿಗದೆ. ಬಿತ್ತನೆಯ ಸಮಯಕ್ಕೆ ಕಡಲೆಕಾಯಿ, ತೊಗರಿ, ರಾಗಿಯ ಬೀಜಗಳು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ದೊರೆಯಬಹುದು. ಆದರೆ ಹುಬ್ಬೆ ಮಳೆ ಬಿದ್ದ ಮರುದಿನ ಹುಚ್ಚೆಳ್ಳು ಬೇಕೆಂದರೆ ಕೈಗೆ ಸಿಗುವುದು ಕಷ್ಟ, ಹದ ನಮಗಾಗಿ ನಾಲ್ಕು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ಆದ್ದರಿಂದ ಹುಚ್ಚೆಳ್ಳು, ಹುರುಳಿ, ಅಲಸಂದೆ, ಸೊಗಡವರೆ ಈ ನಾಲ್ಕರ ಬೀಜ ಪ್ರತಿವರ್ಷ ಮನೆಯಲ್ಲಿರಬೇಕು, ಅದೂ ಒಂದು ಬಿತ್ತನೆ ಕೆಟ್ಟರೆ ಇನ್ನೊಮ್ಮೆ ಬಿತ್ತುವಷ್ಟು. ರೋಗವಿಲ್ಲದ ತುಂಡಿನ ನಡುಭಾಗದಿಂದ, ಮೊದಲು ಮಾಗಿದ ಕಾಯಿಗಳನ್ನು ಬೇರೆಯಾಗಿ ಬಿಡಿಸಿಕೊಳ್ಳಿ. ಅವರೆ ಮತ್ತು ತೊಗರಿ ಬೀಜಕ್ಕೆ ನಮ್ಮ ಮನೆಗಳಲ್ಲಿ ಕೆಮ್ಮಣ್ಣು ಕಟ್ಟುವ ರೂಢಿಯಿದೆ: ಜರಡಿ ಹಿಡಿದ ಕೆಮ್ಮಣ್ಣನ್ನು ನೀರಿನಲ್ಲಿ ಗಂಜಿಯಂತೆ ಕಲಸಿ, ಬೀಜಕ್ಕೆ ತೆಳುವಾಗಿ ಸವರಿ, ಬಿಸಿಲಿನಲ್ಲಿ ಗಲಗಲ ಎನ್ನುವಂತೆ ಒಣಗಿಸಿ ತುಂಬಿದರೆ ನುಸಿ ಬೀಳುವುದು ಬಹಳ ಕಡಿಮೆಯಾಗುತ್ತದೆ. ಹುರುಳಿಗೆ ಒಣಮರಳು ಬೆರೆಸಿಟ್ಟರೆ ಸಾಕು. ಏಪ್ರಿಲ್ ತಿಂಗಳಲ್ಲಿ ಪ್ರತಿಯೊಂದರಿಂದಲೂ ನೂರು ಬೀಜ ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಐದಾರು ದಿನದ ಮೇಲೆ ಬಿಚ್ಚಿ ನೋಡಿ. ಎಪ್ಪತ್ತಕ್ಕಿಂತ ಕಡಿಮೆ ಮೊಳೆತಿದ್ದರೆ ಆ ಬೀಜವನ್ನು ಅಡುಗೆಗೆ ಕೊಟ್ಟು, ಭರಣಿ ಮಳೆಗೆ ಇನ್ನೂ ಸಮಯವಿರುವಾಗಲೇ ಅಕ್ಕಪಕ್ಕದವರಲ್ಲಿ ಬೇರೆ ಬೀಜವನ್ನು ಕೇಳಿಟ್ಟುಕೊಳ್ಳಿ.